ಕೊನೇ ಸಾಲಿಗೆ ಹಾಡು ತಲುಪೋದು ಹೇಗೆ?

2024ರ ಬೇಸಿಗೆಯಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಅಮೆರಿಕ ಮತ್ತು ಕೆನಡಾದಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಟೂರ್ ಮಾಡಿತು. 1962ರಲ್ಲಿ ಲಂಡನ್ನಿನಲ್ಲಿ ಶುರುವಾದ ಬ್ಯಾಂಡ್ ಇದು. ಹಾಡುಗಾರ ಮಿಕ್ ಜಾಗರ್, ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಇಬ್ಬರಿಗೂ ಆಗ 80 ವರ್ಷ. ಸ್ಪಾನ್ಸರ್ ಯಾರು ಗೊತ್ತಾ? 50 ದಾಟಿದವರಿಗಾಗಿ ಇರುವ ಎಎಆರ್‌ಪಿ ಅನ್ನೋ ಅಮೆರಿಕದ ಸಂಘಟನೆ! ಇವರು ನಮಗೂ ತೀರಾ ಹೊರಗಿನವರೇನಲ್ಲ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋಗಿದ್ದಾರೆ. ನಾವು ಆಗಿನ್ನೂ ಹುಟ್ಟಿರಲಿಲ್ಲ, ಅಷ್ಟೇ.

ಈ ಟೂರ್‌ನಲ್ಲಿ ನ್ಯೂಯಾರ್ಕ್ ಹತ್ತಿರದ ಮೆಟ್‌ಲೈಫ್ ಸ್ಟೇಡಿಯಂ ಕೂಡ ಇತ್ತು. ಅದು ಸುಮಾರು 82,500 ಸೀಟಿನ, ಮೇಲೆ ಸೂರಿಲ್ಲದ ಫುಟ್‌ಬಾಲ್ ಸ್ಟೇಡಿಯಂ. ಅಂಥ ಕಡೆ ಕೊನೇ ಸಾಲಿನಲ್ಲಿ ಕೂತವರಿಗೆ ವೇದಿಕೆ ಮೇಲಿನ ಮನುಷ್ಯ ಬೆಂಕಿಕಡ್ಡಿಯಷ್ಟು ಕಾಣ್ತಾನೆ. ಅವರೂ ದುಡ್ಡು ಕೊಟ್ಟೇ ಬಂದಿದ್ದಾರೆ. ಮುಂದಿನ ಸಾಲಿನವರು ಕೇಳಿದ ಹಾಡನ್ನೇ ಅವರಿಗೂ ಕೇಳಿಸೋದು ಹೇಗೆ? ನಾವು ಪಿಯುಸಿಯಲ್ಲಿ ಓದಿದ ಫಿಸಿಕ್ಸ್ ಇಲ್ಲಿ ಕೆಲಸಕ್ಕೆ ಬರುತ್ತೆ.

ಜೋರು ಮಾಡಿದರೆ ಸಾಕಲ್ವಾ?

ಸಾಕಾಗಲ್ಲ. ಬಯಲಲ್ಲಿ ಒಂದು ಸ್ಪೀಕರ್‌ನಿಂದ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರ್‌ನಿಂದ 10, 20, 40, 80 ಅಂತ ಎಣಿಸಿ. ನಾಲ್ಕು ಸಲ ದುಪ್ಪಟ್ಟು, ಅಂದರೆ 24 ಡೆಸಿಬೆಲ್ ನಷ್ಟ. 80 ಮೀಟರ್ ದೂರದಲ್ಲಿ 90 ಡೆಸಿಬೆಲ್ ಬೇಕು ಅಂದರೆ 5 ಮೀಟರ್‌ನಲ್ಲಿ ನಿಂತವರ ಕಿವಿಗೆ 114 ಡೆಸಿಬೆಲ್ ಬಡಿಯುತ್ತೆ. ಇಂಥ ಕಾರ್ಯಕ್ರಮಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಿತಿ, 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ಅಂದರೆ ಹಿಂದಿನವರಿಗೆ ಕೇಳಿಸಲಿ ಅಂತ ಮುಂದಿನವರ ಕಿವಿ ಹಾಳು ಮಾಡಿದ ಹಾಗೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯೋದಿಲ್ಲ.

1965ರ ಆಗಸ್ಟ್ 15ರಂದು ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಹೆಚ್ಚು ಜನರ ಮುಂದೆ ಹಾಡಿದಾಗ ಅವರ ಹತ್ತಿರ ಇದ್ದದ್ದು 100 ವಾಟ್‌ನ ಆಂಪ್ಲಿಫೈಯರ್‌ಗಳು, ಜೊತೆಗೆ ಸ್ಟೇಡಿಯಂನವರು ಅನೌನ್ಸ್‌ಮೆಂಟಿಗೆ ಇಟ್ಟುಕೊಂಡಿದ್ದ ಸ್ಪೀಕರ್‌ಗಳು. ಜನರ ಕಿರುಚಾಟದಲ್ಲಿ ತಮ್ಮ ಹಾಡು ತಮಗೇ ಸರಿಯಾಗಿ ಕೇಳಿಸಲಿಲ್ಲ. ಈಗ ವೇದಿಕೆಯ ಎರಡೂ ಬದಿ ಬಾಳೆಗೊನೆ ಥರ ಬಾಗಿ ನೇತಾಡುವ ಸ್ಪೀಕರ್ ಸಾಲು ನೋಡಿರ್ತೀರಿ. ಅದೇ ಲೈನ್ ಅರೇ. ಮೇಲಿನ ಪೆಟ್ಟಿಗೆಗಳು ದೂರದವರ ಕಡೆ, ಕೆಳಗಿನವು ಹತ್ತಿರದವರ ಕಡೆ ಮುಖ ಮಾಡಿರುತ್ತವೆ. ಶಬ್ದ ಆಕಾಶಕ್ಕೆ ಹೋಗಿ ಹಾಳಾಗದೆ ಜನರ ಮೇಲೆ ಹಂಚಿಹೋಗುತ್ತೆ.

ಮಧ್ಯದಲ್ಲಿ ಸ್ಪೀಕರ್ ಇಟ್ಟರೆ?

ಇಡ್ತಾರೆ. ಆದರೆ ಸುಮ್ಮನೆ ವೈರ್ ಎಳೆದು ಇಟ್ಟರೆ ಗೊಂದಲ. ಊರ ಜಾತ್ರೆಯಲ್ಲಿ ಕಂಬಕಂಬಕ್ಕೂ ಲೌಡ್‌ಸ್ಪೀಕರ್ ಕಟ್ಟಿದಾಗ ಒಂದೇ ಭಕ್ತಿಗೀತೆ ಒಂದರ ಹಿಂದೆ ಒಂದು ಓಡಿಬರೋದನ್ನ ಕೇಳಿದ್ದೀವಲ್ಲ, ಅದೇ ಕಥೆ.

ಲೆಕ್ಕ ಹಾಕೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 331 + 0.6T ಮೀಟರ್. T ಅಂದರೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಷ್ಣತೆ. 30 ಡಿಗ್ರಿಯಲ್ಲಿ ಇದು 349. ವೇದಿಕೆಯಿಂದ 100 ಮೀಟರ್ ದೂರದವರಿಗೆ ಶಬ್ದ ಮುಟ್ಟೋದು 287 ಮಿಲಿಸೆಕೆಂಡ್ ಆದ ಮೇಲೆ. ನಿಮಿಷಕ್ಕೆ 120 ಬೀಟ್ ಇರುವ ಹಾಡಾದರೆ ಬೀಟಿಗೂ ಬೀಟಿಗೂ 500 ಮಿಲಿಸೆಕೆಂಡ್. ಅಂದರೆ ಅರ್ಧ ಬೀಟಿಗಿಂತ ಜಾಸ್ತಿ ತಡ!

ಈಗ 60 ಮೀಟರ್‌ನಲ್ಲಿ ಒಂದು ಸ್ಪೀಕರ್ ಟವರ್ ನಿಲ್ಲಿಸಿದೆವು ಅಂದುಕೊಳ್ಳಿ. ವಿದ್ಯುತ್ ಸಿಗ್ನಲ್ ಟವರ್‌ಗೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಹೋಗುತ್ತೆ. ಟವರ್‌ನಿಂದ 40 ಮೀಟರ್ ಹಿಂದಿರುವ ಅದೇ ವ್ಯಕ್ತಿಗೆ ಅದರ ಶಬ್ದ 115 ಮಿಲಿಸೆಕೆಂಡ್‌ಗೇ ಸಿಕ್ಕಿ, ವೇದಿಕೆಯ ಶಬ್ದ 172 ಮಿಲಿಸೆಕೆಂಡ್ ತಡವಾಗಿ ಬಂದು ಪ್ರತಿಧ್ವನಿ ಥರ ಕೇಳಿಸುತ್ತೆ. ಪರಿಹಾರ ಸರಳ: ಟವರ್‌ನ ಸಿಗ್ನಲ್ಲನ್ನೇ 172 ಮಿಲಿಸೆಕೆಂಡ್ ತಡೆದು ಬಿಡೋದು. ಅದಕ್ಕೇ ಇದರ ಹೆಸರು ಡಿಲೇ ಟವರ್.

ಇನ್ನೊಂದು ಉಪಾಯ ಇದೆ. ಮೊದಲು ಬಂದ ಶಬ್ದ ಯಾವ ದಿಕ್ಕಿನದೋ ಆ ದಿಕ್ಕಿನಿಂದಲೇ ಹಾಡು ಬರ್ತಿದೆ ಅಂತ ನಮ್ಮ ಮಿದುಳು ನಂಬುತ್ತದೆ. ಇದಕ್ಕೆ ಹಾಸ್ ಪರಿಣಾಮ ಅಂತಾರೆ. ಹಾಗಾಗಿ ಟವರ್‌ಗೆ ಇನ್ನೂ 10ರಿಂದ 20 ಮಿಲಿಸೆಕೆಂಡ್ ಸೇರಿಸ್ತಾರೆ. ಆಗ ಬಲ ಕೊಡೋದು ಟವರ್, ಆದರೆ ಜಾಗರ್ ಹಾಡ್ತಿರೋದು ವೇದಿಕೆಯಿಂದಲೇ ಅನ್ನಿಸುತ್ತೆ.

ಬೇಸಿಗೆಯ ತಕರಾರು

ಸಂಜೆ ಸೌಂಡ್‌ಚೆಕ್ ಹೊತ್ತಿಗೆ 30 ಡಿಗ್ರಿ ಇದ್ದದ್ದು ರಾತ್ರಿ 20ಕ್ಕೆ ಇಳಿದರೆ ವೇಗ 343 ಆಗುತ್ತೆ. 60 ಮೀಟರ್‌ಗೆ 172 ಇದ್ದದ್ದು 175 ಮಿಲಿಸೆಕೆಂಡ್. ಮೂರೇ ಅಲ್ವಾ ಅನ್ನಬೇಡಿ. 100 ಹರ್ಟ್ಜ್‌ನ ಬೇಸ್ ಸ್ವರದ ಒಂದು ಆವರ್ತಕ್ಕೆ 10 ಮಿಲಿಸೆಕೆಂಡ್. ಎರಡು ಸ್ಪೀಕರ್‌ಗಳ ಅಲೆಗಳು ಕೂಡುವ ಜಾಗದಲ್ಲಿ ಈ ವ್ಯತ್ಯಾಸ ಸುಮಾರು ಮೂರನೇ ಒಂದು ಆವರ್ತ. ಜೊತೆಗೆ, ಬಿಸಿಲಿಗೆ ಕಾದ ನೆಲದ ಹತ್ತಿರ ಗಾಳಿ ಬಿಸಿ ಇರೋದರಿಂದ ಹಗಲಲ್ಲಿ ಶಬ್ದ ಮೇಲಕ್ಕೆ ಬಾಗುತ್ತೆ. ನೆಲ ತಣ್ಣಗಾದ ರಾತ್ರಿ ಕೆಳಕ್ಕೆ ಬಾಗುತ್ತೆ. ಹೀಗಾಗಿ ಖಾಲಿ ಮೈದಾನದಲ್ಲಿ ಮಧ್ಯಾಹ್ನ ಮಾಡಿದ ಸೆಟ್ಟಿಂಗ್ ರಾತ್ರಿಯವರೆಗೂ ಹಾಗೇ ನಡೆಯಲ್ಲ. ಬ್ಯಾಂಡ್‌ಗೆ 60 ವರ್ಷದ ಅನುಭವ ಇದ್ದರೂ ಪ್ರತಿ ಊರಲ್ಲೂ ಇಂಜಿನಿಯರ್‌ಗಳು ಮತ್ತೆ ಅಳತೆ ಮಾಡಲೇಬೇಕು.

ನಮ್ಮ ಗ್ರೌಂಡಿನಲ್ಲಿ

ಕಾಲೇಜು ಫೆಸ್ಟ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ಸ್ಪೀಕರ್‌ಗಳೂ ವೇದಿಕೆ ಪಕ್ಕದಲ್ಲೇ ಇರುತ್ತವೆ. ಹಿಂದೆ ಕೇಳಿಸ್ತಿಲ್ಲ ಅಂದ ಕೂಡಲೇ ವಾಲ್ಯೂಮ್ ಏರುತ್ತೆ. ಮುಂದೆ ಕುಣಿಯೋ ಜೂನಿಯರ್‌ಗಳಿಗೆ ರಾತ್ರಿಯಿಡೀ ಕಿವಿಯಲ್ಲಿ ಗುಂಯ್ ಅನ್ನುತ್ತೆ, ಹಿಂದೆ ನಿಂತವರಿಗೆ ಬರೀ ಧಬ್ ಧಬ್. ಎರಡು ಸ್ಪೀಕರ್ ಹಿಂದಕ್ಕೆ ಒಯ್ದು, ಮಿಕ್ಸರ್‌ನಲ್ಲಿ ಡಿಲೇ ಕೊಟ್ಟರೆ ಕಡಿಮೆ ವಾಲ್ಯೂಮ್‌ನಲ್ಲೇ ಇಬ್ಬರಿಗೂ ಹಾಡು ಸಿಗುತ್ತೆ. ಬೇಕಾಗಿರೋದು ಒಂದು ಅಳತೆ ಟೇಪು, ಒಂದು ಥರ್ಮಾಮೀಟರ್, ಒಂದು ಭಾಗಾಕಾರ.

ಒಂದು ಲೆಕ್ಕ ನಿಮಗೂ ಇರಲಿ. ಹಿಂದಿನ ಸ್ಪೀಕರ್ ವೇದಿಕೆಯಿಂದ 40 ಮೀಟರ್ ದೂರ ಇದೆ, ಸಂಜೆ 25 ಡಿಗ್ರಿ. ಡಿಲೇ ಎಷ್ಟು ಕೊಡಬೇಕು? 116 ಮಿಲಿಸೆಕೆಂಡ್ ಹತ್ತಿರ ಬಂತು ಅಂದರೆ ಈ ಸಲದ ಫೆಸ್ಟ್ ಸೌಂಡ್ ಟೀಮಿಗೆ ಹೆಸರು ಕೊಡಿ.