ನವೀಕರಣ ವಿಫಲವಾದಾಗ: ಶಾಲೆಯ ಗಣಕಯಂತ್ರದ ದೋಷವನ್ನು ಗುರುತಿಸುವ ಬಗೆ

ಪೊಳ್ಳಾಚಿಯ ಸುತ್ತಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಶಿಕ್ಷಕಿಯೊಬ್ಬರನ್ನು ಉದಾಹರಣೆಯಾಗಿ ಭಾವಿಸಿಕೊಳ್ಳಬಹುದು. ಅರ್ಧವಾರ್ಷಿಕ ಪರೀಕ್ಷೆಗೆ ಮೂರು ದಿನಗಳಿರುವಾಗ ಗಣಕಯಂತ್ರವು ನವೀಕರಣದ ನಡುವೆಯೇ ನಿಂತು, ಮತ್ತೆ ಮತ್ತೆ ತಾನಾಗಿ ಆರಂಭಗೊಳ್ಳತೊಡಗುತ್ತದೆ. ದುರಸ್ತಿಗೆ ಬಂದ ತರುಣನು ಹತ್ತು ನಿಮಿಷ ನೋಡಿ, "ಫಾರ್ಮ್ಯಾಟ್ ಮಾಡಿಬಿಡೋಣ, ಟೀಚರ್" ಎನ್ನುತ್ತಾನೆ. ಸಂಜೆಯ ಹೊತ್ತಿಗೆ ಯಂತ್ರ ನಡೆಯುತ್ತದೆ. ಆದರೆ ಸಿ ಡ್ರೈವಿನಲ್ಲಿದ್ದ ಪ್ರಶ್ನೆಪತ್ರಿಕೆಗಳು ಇಲ್ಲವಾಗಿರುತ್ತವೆ. ಪೆನ್‌ಡ್ರೈವಿನಲ್ಲಿ ಉಳಿದವನ್ನು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಎರಡನೆಯ ನಷ್ಟಕ್ಕೆ ಕಾರಣವನ್ನು ಶಿಕ್ಷಕರು ಅರಿತಿರಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿದೆ. ಆ ಅಕ್ಷರಶೈಲಿ ಯಂತ್ರದಲ್ಲಿಲ್ಲದಿದ್ದರೆ ಕಡತವು ಇದ್ದೂ ಓದಲಾಗದು. ಮರಳಿ ಅಳವಡಿಸಿದರೆ ಓದಬಹುದು. ಕರ್ನಾಟಕದಲ್ಲಿ ದುರಸ್ತಿ ಮಾಡುವವರಿಗೆ ಇದು ಗೊತ್ತಿರುತ್ತದೆ. ತಮಿಳುನಾಡಿನಲ್ಲಿ ಕನ್ನಡ ಶಿಕ್ಷಕರೇ ಹೇಳದೆ ಗತ್ಯಂತರವಿಲ್ಲ. ಆದುದರಿಂದ ಫಾರ್ಮ್ಯಾಟ್ ಎಂಬುದು ಕೊನೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ.

ಮೊದಲ ಉಪಾಯ ಶಿಕ್ಷಕರಿಗೆ ಹೊಸದೇನೂ ಅಲ್ಲ. ಮಗುವೊಂದು ಶುದ್ಧಲೇಖನದಲ್ಲಿ ಹತ್ತು ತಪ್ಪು ಮಾಡಿದರೆ, ಎಲ್ಲವೂ ಒತ್ತಕ್ಷರದಲ್ಲಿವೆಯೇ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿವೆಯೇ ಎಂದು ನೋಡಿದ ಮೇಲೆ ತಾನೇ ಪರಿಹಾರ ಬೋಧನೆ? ಯಂತ್ರದ ತಪ್ಪುಗಳನ್ನೂ ಹಾಗೆಯೇ ಓದಬೇಕು.

ನವೀಕರಣವು ಯಾವ ಹಂತದಲ್ಲಿ ಸೋತಿತು ಎಂಬುದು ಮೊದಲ ಪ್ರಶ್ನೆ. ಇಳಿಸಿಕೊಳ್ಳುವಾಗಲೇ ನಿಂತರೆ ಅದು ಹೆಚ್ಚಾಗಿ ಮೊಬೈಲ್ ಹಾಟ್‌ಸ್ಪಾಟಿನ ದೌರ್ಬಲ್ಯ. ಅಳವಡಿಸುವಾಗ ನಿಂತು 80070070 ಎಂದು ಮುಗಿಯುವ ದೋಷಸಂಖ್ಯೆ ಕಂಡರೆ ಡಿಸ್ಕಿನಲ್ಲಿ ಜಾಗ ಸಾಲದೆಂದು ಅರ್ಥ. ದೊಡ್ಡ ನವೀಕರಣಕ್ಕೆ ಸುಮಾರು 20 ಜಿಬಿ ಖಾಲಿ ಇರಬೇಕು. ಡೌನ್‌ಲೋಡ್ಸ್ ಕಡತಕೋಶದಲ್ಲಿರುವ ಹಳೆಯ ವೀಡಿಯೊಗಳನ್ನು ಅಳಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಮರುಆರಂಭದ ಹೊತ್ತಿಗೆ ಸೋತರೆ ವಿಂಡೋಸ್ ಸಾಮಾನ್ಯವಾಗಿ ತಾನೇ ಹಿಂದಿನ ಸ್ಥಿತಿಗೆ ಮರಳಲು ಯತ್ನಿಸುತ್ತದೆ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಇದು ಗಂಟೆಗಟ್ಟಲೆ ಹಿಡಿಯಬಹುದು. ದೀಪ ಮಿನುಗುತ್ತಿರುವವರೆಗೆ ಸ್ವಿಚ್ಚನ್ನು ಆರಿಸಲೇಬಾರದು. ಯುಪಿಎಸ್ ಇಲ್ಲದ ಯಂತ್ರದಲ್ಲಿ, ಗುಡುಗುವ ಐಪ್ಪಸಿಯ ಸಂಜೆ, ನವೀಕರಣಕ್ಕೆ ಕೈಹಾಕುವುದು ತರವಲ್ಲ. ಸತತವಾಗಿ ಆರಂಭ ವಿಫಲವಾದರೆ ದುರಸ್ತಿಯ ಪರದೆ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್ ದಾಟಿ, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಎಂಬುದನ್ನು ಆರಿಸಿದರೆ ಈಚಿನ ನವೀಕರಣವಷ್ಟೇ ಹೋಗುತ್ತದೆ, ಕಡತಗಳು ಉಳಿಯುತ್ತವೆ. ಕೆಲವು ಯಂತ್ರಗಳು ಇಲ್ಲಿ 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳುತ್ತವೆ. ಅದನ್ನು ಯಂತ್ರ ಚೆನ್ನಾಗಿರುವಾಗಲೇ ಬರೆದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇಟ್ಟಿರಬೇಕು.

ತಪ್ಪು ಯಾವಾಗಲೂ ಶಾಲೆಯದೇ ಎಂದು ಅಳುಕಬೇಕಾಗಿಲ್ಲ. 2018ರ ಅಕ್ಟೋಬರ್‌ನ ವಿಂಡೋಸ್ 10 ನವೀಕರಣವು ಕೆಲವರ ಕಡತಗಳನ್ನೇ ಅಳಿಸಿತು. ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು ನವೆಂಬರಿನಲ್ಲಿ ಮರುಬಿಡುಗಡೆ ಮಾಡಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಯುಕ್ತ ನವೀಕರಣದಿಂದ ಜಗತ್ತಿನ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಪರೀಕ್ಷೆಯ ವಾರದಲ್ಲಿ ನವೀಕರಣವನ್ನು 'ಪಾಸ್ ಅಪ್‌ಡೇಟ್ಸ್' ಮೂಲಕ ಮುಂದೂಡುವುದು ಸೋಮಾರಿತನವಲ್ಲ, ವಿವೇಕ.

ನವೀಕರಣಕ್ಕೆ ಸಂಬಂಧವಿಲ್ಲದೆ ಯಂತ್ರವು ಆಗಾಗ ಸ್ಥಗಿತಗೊಳ್ಳುವುದು ಬೇರೆಯೇ ಮಾತು. ಇಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂಬ ಸೌಲಭ್ಯವು ಬಹಳ ಉಪಕಾರಿ; ಹುಡುಕುವ ಪಟ್ಟಿಯಲ್ಲಿ ಆ ಹೆಸರನ್ನು ಟೈಪಿಸಿದರೆ ಯಾವ ದಿನ, ಯಾವ ಹೊತ್ತಿಗೆ, ಯಾವ ತಂತ್ರಾಂಶ ನಿಂತಿತು ಎಂಬ ದಿನಚರಿ ತೆರೆಯುತ್ತದೆ. ಹೊಸ ಪ್ರಿಂಟರ್ ಜೋಡಿಸಿದ ದಿನದಿಂದಲೇ ಕೆಂಪು ಗುರುತುಗಳು ಆರಂಭವಾಗಿದ್ದರೆ ಅದರ ಚಾಲಕ ತಂತ್ರಾಂಶವನ್ನು ಶಂಕಿಸಬೇಕು. ಒಂದೊಂದು ಸಲ ಒಂದೊಂದು ಬಗೆಯ ದೋಷ ಕಂಡರೆ ಶಂಕೆ ರ‍್ಯಾಮಿನ ಮೇಲೆ. ಮೆಮೊರಿ ಡಯಾಗ್ನೋಸ್ಟಿಕ್ ನಡೆಸಬೇಕು. ಎಷ್ಟೋ ವೇಳೆ ರ‍್ಯಾಮ್ ಪಟ್ಟಿಯನ್ನು ಕಳಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಮರಳಿ ಕೂರಿಸಿದರೆ ಯಂತ್ರ ಸರಿಹೋಗುವುದುಂಟು.

ಆರಂಭಿಸಿದ ಅರ್ಧ ಗಂಟೆಗೆ, ಅದೂ ಮಧ್ಯಾಹ್ನದ ಪಾಠದಲ್ಲೇ, ನಿಲ್ಲುತ್ತಿದ್ದರೆ ಅದು ಬಿಸಿಯ ದೋಷ. ಪೊಳ್ಳಾಚಿಯ ಸುತ್ತ ಇದನ್ನು ವಿಶೇಷವಾಗಿ ನೆನೆಯಬೇಕು. ತೆಂಗಿನ ನಾರಿನ ಕಾರ್ಖಾನೆಗಳು ದಟ್ಟವಾಗಿರುವ ಸೀಮೆಯಿದು; ಪಾಲಕ್ಕಾಡು ಕಣಿವೆಯಿಂದ ಆಡಿ ತಿಂಗಳ ಗಾಳಿ ಬೀಸಿದಾಗ ನಾರಿನ ಸಣ್ಣ ಧೂಳು ಕಿಟಕಿಯ ಪಕ್ಕದ ಯಂತ್ರದೊಳಗೆ ಸೇರಿ, ಪಂಕದ ಕೆಳಗೆ ಕಂಬಳಿಯಂತೆ ಹೆಪ್ಪುಗಟ್ಟಬಹುದು. ತಂತಿಯನ್ನು ಗೋಡೆಯಿಂದ ಕಿತ್ತು, ಪಂಕದ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ರಷ್‌ನಿಂದ ಶುಚಿಗೊಳಿಸಬೇಕು. ಇಂಥ ಯಂತ್ರವನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಫಲವಿಲ್ಲ.

ಇಷ್ಟರ ಮೇಲೂ ಫಾರ್ಮ್ಯಾಟ್ ಅನಿವಾರ್ಯವಾದರೆ, ಯಂತ್ರವನ್ನು ಒಪ್ಪಿಸುವ ಮುನ್ನ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ನುಡಿಯ ಸ್ಥಾಪನಾ ಕಡತವೂ ಅದೇ ಡಿಸ್ಕಿನಲ್ಲಿರಲಿ. ಬಿಡುವಿದ್ದಾಗ ಹಳೆಯ ಪ್ರಶ್ನೆಪತ್ರಿಕೆಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡರೆ ಅವು ಯಾವ ಯಂತ್ರದಲ್ಲಾದರೂ ತೆರೆದುಕೊಳ್ಳುತ್ತವೆ. ಹೊಸದಾಗಿ ಟೈಪಿಸಲು ವಿಂಡೋಸಿನಲ್ಲೇ ಕನ್ನಡ ಕೀಲಿಮಣೆಯಿದೆ. ಭಾಷಾ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಳ್ಳುವಂತೆ, ತಮಿಳು ಮಾತ್ರ ಬಲ್ಲ ದುರಸ್ತಿಗಾರನಿಗೆ ಒಂದು ಚೀಟಿಯಲ್ಲಿ ತಮಿಳಿನಲ್ಲೇ ಬರೆದುಕೊಡುವುದು ಒಳ್ಳೆಯದು.