ಜಿಂಪ್‌ನಲ್ಲಿ ಫೋಟೋ ತಿದ್ದುವಾಗ ಬರುವ ತೊಂದರೆಗಳು



ಕೇರಳದ ಶಾಲೆಗಳ ಐಸಿಟಿ ಪಾಠದಲ್ಲಿ ಜಿಂಪ್ ಎಂಬ ತಂತ್ರಾಂಶ ಉಂಟೆಂದು ನಮಗೆಲ್ಲ ಗೊತ್ತು. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಶುರು ಮಾಡಿದರು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಹಣ ಕೊಟ್ಟು ತರುವ ಫೋಟೋಶಾಪ್ 1990ರಲ್ಲೇ ಬಂದಿತ್ತು. ಹೊಸಬರು ಸಿಕ್ಕಿಬೀಳುವ ಜಾಗಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕೆಲಸ ಆಗದಿದ್ದರೆ ನಾವು ಕೂಡಲೇ "ಕಂಪ್ಯೂಟರ್ ಹಾಳಾಗಿದೆ" ಅನ್ನುತ್ತೇವೆ. ನೂರಕ್ಕೆ ತೊಂಬತ್ತು ಸಲ ಅದು ಹಾಳಾಗಿರುವುದಿಲ್ಲ.

ಒಂದು ನಿಜವಾದ ಫೋಟೋ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ತರಗತಿಯ ಒಬ್ಬಳ ಅಜ್ಜ ಮಂಗಳೂರಿನ ಬಂದರಿನಲ್ಲಿ ಮಂಜಿಯ ಕೆಲಸಕ್ಕಿದ್ದವರು. ಮಂಜಿ ಎಂದರೆ ಸರಕು ಹೇರುವ ಮರದ ಹಡಗು. ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಳಿದು ಬಂದರಿಗೆ ನಡೆದರೆ ಹೊಳೆಯ ಬದಿಯಲ್ಲಿ ಹಳೆ ದಕ್ಕೆ ಸಿಗುತ್ತದೆ, ಆಚೆ ದಡ ಬೆಂಗರೆ. ಲಕ್ಷದ್ವೀಪಕ್ಕೆ ಸಾಮಾನು ಹೋಗುವುದು ಈ ಹಳೆ ಬಂದರಿನಿಂದ. ಅಜ್ಜ ಈಗಿಲ್ಲ. ದಕ್ಕೆಯಲ್ಲಿ ಮಂಜಿಯ ಮುಂದೆ ನಿಂತ ಒಂದು ಕಪ್ಪುಬಿಳುಪು ಫೋಟೋ ಬಿಟ್ಟರೆ ಅವರ ಬೇರೆ ಫೋಟೋ ಮನೆಯಲ್ಲಿಲ್ಲ. ಮಳೆಗಾಲದ ತೇವಕ್ಕೆ ಅದರ ಮೇಲೆ ಬೂಷ್ಟು ಕೂತಿತ್ತು. ಅಜ್ಜಿಗೆ ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕುವ ಆಸೆ. ನಾವು ನಾಲ್ಕು ಜನ ಸೇರಿ ಲ್ಯಾಬಿನಲ್ಲಿ ಆ ಕೆಲಸಕ್ಕೆ ಕೂತೆವು.

ಕಂಪ್ಯೂಟರಿಗಿಂತ ಮೊದಲಿನ ಮಾತು. ಹಳೆ ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ, ಮುಖವೇ ಗಾಜಿನಲ್ಲಿ ಉಳಿದುಹೋದೀತು. ಗಾಜಿನ ಸಮೇತ ಜಗಲಿಯ ನೆರಳಿನಲ್ಲಿಟ್ಟು, ಫ್ಲ್ಯಾಶ್ ಹಾಕದೆ, ನೇರ ಮೇಲಿನಿಂದ ಮೊಬೈಲಿನಲ್ಲಿ ತೆಗೆಯಿರಿ. ಅದನ್ನು ವಾಟ್ಸಾಪ್‌ನಲ್ಲಿ ಸುಮ್ಮನೆ ಫೋಟೋ ಎಂದು ಕಳಿಸಿದರೆ ಸಣ್ಣದಾಗಿ ಬರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಬೇಕು, ಇಲ್ಲವೆ ಕೇಬಲ್ ಹಾಕಿ ತೆಗೆದುಕೊಳ್ಳಬೇಕು. ಸಣ್ಣದಾದರೆ ಏನಾಯ್ತು ಅಂತ ಕೇಳಬಹುದು. ಲೆಕ್ಕ ನೋಡಿ: ಚೆನ್ನಾಗಿ ಮುದ್ರಣವಾಗಲು ಒಂದು ಇಂಚಿಗೆ 300 ಚುಕ್ಕಿ ಬೇಕು. 4×6 ಇಂಚಿಗೆ 1200×1800. ಅಜ್ಜಿಯ ಚೌಕಟ್ಟು 8×10, ಅಂದರೆ 2400×3000. 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೋ ಸುಮಾರು 4000×3000 ಇರುತ್ತದೆ, ಧಾರಾಳ ಸಾಕು. ಒಮ್ಮೆ ಕಳೆದುಹೋದ ಚುಕ್ಕಿಗಳನ್ನು ಮತ್ತೆ ಎಷ್ಟು ಹಿಗ್ಗಿಸಿದರೂ ಮಸುಕೇ ಆಗುವುದು. ಬಂದ ಫೈಲಿನ ಒಂದು ಪ್ರತಿ ಮಾಡಿ ಪ್ರತಿಯಲ್ಲೇ ಕೆಲಸ ಮಾಡಿ, ಮೂಲವನ್ನು ಬೇರೆ ಫೋಲ್ಡರಿನಲ್ಲಿಡಿ. ಫೈಲ್ ಮೆನುವಿನಲ್ಲಿ ಓವರ್‌ರೈಟ್ ಎಂಬುದೊಂದು ಉಂಟು. ಅದನ್ನು ಒತ್ತಿದರೆ ತಿದ್ದಿದ್ದು ಮೂಲದ ಮೇಲೆಯೇ ಕೂತುಬಿಡುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಬ್ರಶ್ ಎಳೆದರೂ ಬಣ್ಣ ಬರುವುದಿಲ್ಲ ಯಾಕೆ? ಎಲ್ಲೋ ಒಂದು ಮೂಲೆಯಲ್ಲಿ ಆಯ್ಕೆ ಉಳಿದಿರುತ್ತದೆ, ಇರುವೆ ಸಾಲಿನ ಹಾಗೆ ಗೆರೆ ಓಡುತ್ತಿರುತ್ತದೆ. ಆ ಗೆರೆಯ ಒಳಗೆ ಮಾತ್ರ ಬಣ್ಣ ಬೀಳುವುದು. ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಆಯ್ಕೆ ಹೋಗುತ್ತದೆ. ಆಗಲೂ ಬರದಿದ್ದರೆ ಲೇಯರ್ ಪಟ್ಟಿ ನೋಡಿ. ಲೇಯರ್ ಎಂದರೆ ಒಂದರ ಮೇಲೊಂದಿಟ್ಟ ಪಾರದರ್ಶಕ ಹಾಳೆ. ನೀವು ಅಡಿಯ ಹಾಳೆಗೆ ಬಣ್ಣ ಹಚ್ಚುತ್ತಿದ್ದು ಮೇಲಿನದು ಅದನ್ನು ಮುಚ್ಚಿರಬಹುದು, ಅಥವಾ ಪಕ್ಕದ ಕಣ್ಣಿನ ಗುರುತು ಹೋಗಿ ಹಾಳೆಯೇ ಅಡಗಿರಬಹುದು. ಕೆಂಪು ಹಚ್ಚಿದರೆ ಬೂದು ಬಂದರೆ ಫೋಟೋ ಗ್ರೇಸ್ಕೇಲಿನಲ್ಲಿದೆ ಎಂದರ್ಥ. ಇಮೇಜ್, ಮೋಡ್ ಎಂದು ಹೋಗಿ ಆರ್‌ಜಿಬಿ ಮಾಡಿ. ಪೆಟ್ಟಿಗೆಗಳೆಲ್ಲ ಒಮ್ಮೆಲೇ ಮಾಯವಾದರೆ ಯಾರದೋ ಬೆರಳು ಟ್ಯಾಬ್ ಕೀಲಿಗೆ ತಾಗಿದೆ. ಇನ್ನೊಮ್ಮೆ ಒತ್ತಿ, ಬರುತ್ತದೆ. ಅಳಿಸಿದರೆ ಹಿಂದೆ ಚೌಕಳಿ ಕಾಣದೆ ಬಿಳಿ ಬಂದರೆ ಲೇಯರ್ ಮೆನುವಿನಲ್ಲಿ ಆಲ್ಫಾ ಚಾನೆಲ್ ಸೇರಿಸಬೇಕು.

ಈಗ ಬೂಷ್ಟಿನ ವಿಷಯ. ಇದಕ್ಕೆ ಹೀಲ್ ಮತ್ತು ಕ್ಲೋನ್ ಎಂಬ ಎರಡು ಉಪಕರಣಗಳಿವೆ. ಕೈಗೆ ತಗೊಂಡ ಕೂಡಲೇ ಕೆಲಸ ಮಾಡುವುದಿಲ್ಲ. ಎಲ್ಲಿಂದ ತೆಗೆಯಬೇಕೆಂದು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ಮೊದಲು ತೋರಿಸಬೇಕು. ಕ್ಲೋನ್ ಇದ್ದದ್ದನ್ನು ಇದ್ದ ಹಾಗೆ ತಂದು ಹಾಕುತ್ತದೆ. ಹೀಲ್ ತಂದದ್ದನ್ನು ಸುತ್ತಲಿನ ಬಣ್ಣಕ್ಕೆ ಹೊಂದಿಸುತ್ತದೆ. ಆಕಾಶಕ್ಕೆ, ಅಂಗಿಗೆ ಹೀಲ್ ಒಳ್ಳೆಯದು. ಆದರೆ ಮಂಜಿಯ ಕೂವೆಮರ ಆಕಾಶಕ್ಕೆ ತಾಗುವ ಅಂಚಿನಲ್ಲಿ ಹೀಲ್ ಹಾಕಿದರೆ ಮಸಿ ಒರೆಸಿದ ಹಾಗೆ ಆಗುತ್ತದೆ, ಅಲ್ಲಿಗೆ ಕ್ಲೋನೇ ಸರಿ. ಮುಖ್ಯ ವಿಷಯ: ಫೋಟೋದ ಮೇಲೆ ನೇರವಾಗಿ ಮಾಡದೆ ಒಂದು ಖಾಲಿ ಲೇಯರ್ ಹಾಕಿ, ಸ್ಯಾಂಪಲ್ ಮರ್ಜ್ಡ್ ಎಂಬಲ್ಲಿ ಗುರುತು ಹಾಕಿ, ಆ ಖಾಲಿ ಹಾಳೆಯಲ್ಲಿ ತಿದ್ದಬೇಕು.

ಇದರ ಪ್ರಯೋಜನ ನಮಗೆ ಎರಡೇ ದಿನದಲ್ಲಿ ಗೊತ್ತಾಯಿತು. ಗುಂಪಿನ ಒಬ್ಬ ಬೂಷ್ಟಿನ ಜತೆಗೆ ಅಜ್ಜನ ಗದ್ದದ ಮೇಲಿದ್ದ ಒಂದು ಗೆರೆಯನ್ನೂ ಒರೆಸಿದ್ದ. ಫೋಟೋ ನುಣ್ಣಗೆ ಚಂದ ಕಾಣುತ್ತಿತ್ತು, ನಾವೆಲ್ಲ ಹೊಗಳಿದ್ದೆವು. ಅಜ್ಜಿ ನೋಡಿದವರೇ, "ಮಕ್ಕಳೇ, ಅವರ ಗದ್ದದ ಗಾಯ ಎಲ್ಲಿ ಹೋಯ್ತು?" ಅಂದರು. ಮಂಜಿಯ ಹಗ್ಗ ಬಡಿದು ಆದ ಗಾಯವಂತೆ ಅದು. ತಿದ್ದಿದ್ದು ಬೇರೆ ಹಾಳೆಯಲ್ಲಿ ಇದ್ದುದರಿಂದ ಅಷ್ಟು ಜಾಗವನ್ನು ಅಳಿಸಿದ ಕೂಡಲೇ ಗಾಯ ವಾಪಸ್ಸು ಬಂತು. ರದ್ದು ಮಾಡುವ ಕಂಟ್ರೋಲ್ ಝಡ್ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಫೈಲನ್ನು ಮುಚ್ಚಿದರೆ ಹಿಂದಿನ ಹೆಜ್ಜೆಗಳೆಲ್ಲ ಹೋಗುತ್ತವೆ. (1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಸಾಹೇಬರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಾಗ ರದ್ದು ಮಾಡುವ ಕೀಲಿ ಇರಲಿಲ್ಲ. ಈ ಗೋಡೆ ಪತ್ರಿಕೆ ಬರೆಯುವ ಪೆನ್ನಿಗೂ ಇಲ್ಲ.)

ಅಜ್ಜನ ಎಡಗೈ ಬೆರಳುಗಳನ್ನು ಬೂಷ್ಟು ಪೂರ್ತಿ ತಿಂದಿತ್ತು. ಬೇರೆಯವರ ಕೈ ತಂದು ಅಂಟಿಸೋಣ ಎಂಬ ಸಲಹೆ ಬಂತು. ಬೇಡ ಎಂದು ನಾನು ಹಟ ಹಿಡಿದೆ. ಅದು ಅಜ್ಜನ ಕೈ ಅಲ್ಲವಲ್ಲ. ಈಗ ಒಂದೇ ಒತ್ತಿಗೆ ಹಳೆ ಫೋಟೋ ಹೊಸದು ಮಾಡುವ ಮೊಬೈಲ್ ಆ್ಯಪ್‌ಗಳೂ ಇವೆ. ಅವು ಕಾಣದ ಭಾಗವನ್ನು ಊಹಿಸಿ ತುಂಬುತ್ತವೆ. ಮುಖ ಚಂದವಾಗುತ್ತದೆ, ಆದರೆ ಗುರುತು ಹಿಡಿಯುವವರು ಮನೆಯಲ್ಲಿ ಇರುತ್ತಾರೆ, ನೆನಪಿರಲಿ. ಕೈಯ ಜಾಗದ ಬಿಳಿಯನ್ನು ಸ್ವಲ್ಪ ಮಂಕು ಮಾಡಿ ಹಾಗೇ ಬಿಟ್ಟೆವು.

ಕೆಳಗೆ ಕನ್ನಡದಲ್ಲಿ ಹೆಸರು ಬರೆಯುವಾಗ ಇನ್ನೊಂದು ತೊಂದರೆ. ನುಡಿ, ಬರಹಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೇ ಕನ್ನಡದ ಚೂರುಗಳನ್ನು ಜೋಡಿಸಿದಂಥವು. ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ. ಆದ್ದರಿಂದ ಯುನಿಕೋಡಿನಲ್ಲಿ ಟೈಪ್ ಮಾಡಿ, ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಆರಿಸಿದರೆ ಒತ್ತಕ್ಷರ ಸಮೇತ ಸರಿ ಬರುತ್ತದೆ.

ಕೊನೆಗೆ ಸ್ಟುಡಿಯೋಕ್ಕೆ ಒಯ್ದಾಗ "ಈ ಫೈಲ್ ತೆರೆಯುವುದಿಲ್ಲ ಮಾರಾಯ" ಅನ್ನುತ್ತಾರೆ. ಸೇವ್ ಮಾಡಿದರೆ ಎಕ್ಸ್‌ಸಿಎಫ್ ಎಂಬ ಜಿಂಪ್‌ನದ್ದೇ ಫೈಲ್ ಆಗುವುದು, ಅದು ಲೇಯರುಗಳನ್ನು ಕಾಪಾಡಲು. ಸ್ಟುಡಿಯೋದವರಿಗೆ ಎಕ್ಸ್‌ಪೋರ್ಟ್ ಮಾಡಿ ಜೆಪೆಗ್ ಕೊಡಬೇಕು, ಗುಣಮಟ್ಟ 90ಕ್ಕಿಂತ ಮೇಲಿರಲಿ. ಎರಡೂ ಬೇಕು. ಅಜ್ಜನ ಎಕ್ಸ್‌ಸಿಎಫ್ ಲ್ಯಾಬಿನ ಮೂರನೇ ಕಂಪ್ಯೂಟರಿನಲ್ಲಿದೆ. ಲೇಯರುಗಳನ್ನು ಒಂದೊಂದಾಗಿ ಮುಚ್ಚಿ ತೆರೆದು ನೋಡಬೇಕಾದವರು ನೋಡಬಹುದು, ಸೇವ್ ಮಾತ್ರ ಒತ್ತಬೇಡಿ.