ಎದುರು ಪಾರ್ಟಿ ಕಾಗದ ಮುಚ್ಚಿಟ್ಟರೆ ಏನು ದಾರಿ?

ಪ್ರಶ್ನೆ: ರಾಯಬಾಗ ಕೋರ್ಟಿನಲ್ಲಿ ನಮ್ಮ ವಾಟ್ನಿ ದಾವೆ ನಡೆದಿದೆ. ಕಬ್ಬಿನ ಬಿಲ್ಲು, ಮನೆತನದ ಲೆಕ್ಕದ ವಹಿ, ಮೋಡಿ ಲಿಪಿಯ ಹಳೇ ಕಾಗದಪತ್ರ ಎಲ್ಲಾ ದೊಡ್ಡಪ್ಪನ ಮಗನ ಕಡೆ ಇವೆ. ಕೇಳಿದರೆ 'ನನ್ನ ಹತ್ರ ಏನೂ ಇಲ್ಲ' ಅಂತಾರೆ. ತೋರಿಸುವಂತೆ ಮಾಡಲು ಬರ್ತದೇನು?
— ಓದುಗರೊಬ್ಬರು, ರಾಯಬಾಗ ತಾಲೂಕು

ಉತ್ತರ: ಬರುತ್ತದೆ. ಆದರೆ ಮೊದಲು ಕೋರ್ಟಿನಿಂದ ಆದೇಶ ಪಡೆಯಬೇಕು. ಅದನ್ನು ಮುರಿದಾಗಲೇ ಶಿಕ್ಷೆಯ ಮಾತು. ಇದೆಲ್ಲ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 11ರಲ್ಲಿದೆ.

ಅವರ ಕೈಫಿಯತ್ತಿನಲ್ಲೇ ಕಾಗದದ ಉಲ್ಲೇಖವಿದ್ದರೆ ರೂಲ್ 15ರಂತೆ ನಿಮ್ಮ ವಕೀಲರು ನೋಟಿಸು ಕೊಟ್ಟರೆ ಸಾಕು. 10 ದಿನದೊಳಗೆ ಅವರು ನೋಡುವ ಸಮಯ ತಿಳಿಸಬೇಕು. ನಕಲು ತೆಗೆದುಕೊಳ್ಳುವ ಹಕ್ಕೂ ನಿಮಗುಂಟು; ಮೋಡಿ ಓದಬಲ್ಲವರಿಗೆ ಆ ನಕಲನ್ನು ತೋರಿಸಿ. ತೋರಿಸದಿದ್ದರೆ ರೂಲ್ 18ರಡಿ ಅರ್ಜಿ ಹಾಕಿ.

ಉಲ್ಲೇಖವೇ ಇಲ್ಲದಿದ್ದರೆ ರೂಲ್ 12. ಆದೇಶವಾದರೆ ದಾವೆಗೆ ಸಂಬಂಧಿಸಿದ ಯಾವ ಕಾಗದ ತಮ್ಮ ಬಳಿ ಇದೆ, ಯಾವುದು ಮೊದಲಿತ್ತು ಎಂದು ಅವರು ಪ್ರಮಾಣ ಮಾಡಿ ಬರೆದುಕೊಡಬೇಕು. ಬಾಯಿಮಾತಿನ 'ಇಲ್ಲ' ಅಲ್ಲಿ ನಡೆಯದು.

ಬೇಕಾದದ್ದು ಕಾಗದವಲ್ಲ, ಸಂಗತಿ ಎಂದಾದರೆ ಲಿಖಿತ ಪ್ರಶ್ನಾವಳಿ ಕೊಡಬಹುದು. ಅದಕ್ಕೆ ಕೋರ್ಟಿನ ಅನುಮತಿ ಬೇಕು. ಆ ಅರ್ಜಿಯನ್ನು 7 ದಿನದಲ್ಲಿ ತೀರ್ಮಾನಿಸಬೇಕೆಂದು ನಿಯಮವಿದೆ. ಕೋರ್ಟು ಬೇರೆ ಗಡುವು ಕೊಡದಿದ್ದರೆ ಉತ್ತರದ ಅಫಿಡವಿಟ್‌ಗೆ 10 ದಿನ. ಹಾರಿಕೆಯ ಉತ್ತರ ಬಂದರೆ ರೂಲ್ 11ರಂತೆ ಮತ್ತೆ ಉತ್ತರಿಸಲು, ಬೇಕಾದರೆ ಕೋರ್ಟಿನಲ್ಲೇ ಬಾಯಿಂದ ಹೇಳಲು, ಆದೇಶ ಕೇಳಬಹುದು. 'ಮನೆತನದ ಲೆಕ್ಕವೆಲ್ಲ ಹೇಳಿ' ಎಂದರೆ ಅರ್ಜಿ ಬಿದ್ದುಹೋಗುತ್ತದೆ. 'ಈ ಸರ್ವೆ ನಂಬರಿನ ಕಬ್ಬು 2021–22ರ ಹಂಗಾಮಿನಲ್ಲಿ ಯಾವ ಕಾರ್ಖಾನೆಗೆ ಹೋಯಿತು? ಬಿಲ್ಲು ಯಾರ ಖಾತೆಗೆ ಜಮಾ ಆಯಿತು?' ಎಂದು ಕೇಳಿ.

ಆದೇಶಕ್ಕೂ ಬಗ್ಗದಿದ್ದರೆ ರೂಲ್ 21. ಪ್ರತಿವಾದಿಯ ಕೈಫಿಯತ್ತನ್ನೇ ಕೋರ್ಟು ತೆಗೆದುಹಾಕಬಹುದು. ಆದರೆ ಅದಕ್ಕೂ ಮೊದಲು ಅವರಿಗೆ ನೋಟಿಸು, ಅವಕಾಶ ಎರಡೂ ಸಿಗಬೇಕು. ಬೇಕೆಂದೇ ಆದೇಶ ಧಿಕ್ಕರಿಸಿದ ಅತಿರೇಕದ ಪ್ರಕರಣಕ್ಕಷ್ಟೇ ಈ ಅಸ್ತ್ರ ಎಂದು ಬಬ್ಬರ್ ಹೊಲಿಗೆ ಯಂತ್ರ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದೆ. ಹಾಗಾಗಿ ಒಂದೇ ತಾರೀಖು ತಪ್ಪಿಸಿದ್ದಕ್ಕೆ ರೂಲ್ 21 ಹಿಡಿದು ಓಡಬೇಡಿ. ಇದೇ ನಿಯಮ ನಿಮಗೂ ಅನ್ವಯ: ವಾದಿ ಆದೇಶ ಪಾಲಿಸದಿದ್ದರೆ ದಾವೆಯೇ ವಜಾ ಆಗಬಹುದು, ಅದೇ ಕಾರಣಕ್ಕೆ ಹೊಸ ದಾವೆಗೂ ಅಡ್ಡಿ.

ಸಕ್ಕರೆ ಕಾರ್ಖಾನೆ ನಿಮ್ಮ ದಾವೆಯಲ್ಲಿ ಪಾರ್ಟಿಯಲ್ಲ. ಅದರ ಮೇಲೆ ಆರ್ಡರ್ 11 ನಡೆಯದು. ಬಿಲ್ಲಿನ ದಾಖಲೆ ಹಾಜರುಪಡಿಸಲು ಆರ್ಡರ್ 16ರಂತೆ ಕೋರ್ಟಿನಿಂದ ಸಮನ್ಸ್ ಕಳಿಸಿ. ಉತಾರ, ನೋಂದಾಯಿತ ಪತ್ರಗಳ ದೃಢೀಕೃತ ನಕಲನ್ನು ಸರ್ಕಾರಿ ಕಚೇರಿಯಿಂದ ನೀವೇ ತರಬಹುದು. ಅವನ್ನೂ ಎದುರಾಳಿಯಿಂದ ಕೇಳಿದರೆ ತಾರೀಖು ಹೆಚ್ಚಾದೀತು, ಅಷ್ಟೆ.

ನಿಪ್ಪಾಣಿಯ ತಂಬಾಕು ವ್ಯಾಪಾರಿಗಳಿಗೆ ಒಂದು ಮಾತು: 3 ಲಕ್ಷ ರೂಪಾಯಿ ಅಥವಾ ಮೇಲಿನ ವಾಣಿಜ್ಯ ದಾವೆಗೆ 2015ರ ಕಾಯ್ದೆಯ ಬೇರೆಯೇ ಆರ್ಡರ್ 11 ಇದೆ. ತಮ್ಮಲ್ಲಿರುವ ಸಂಬಂಧಪಟ್ಟ ಕಾಗದಗಳನ್ನು ಅಲ್ಲಿ ಆರಂಭದಲ್ಲೇ ಹಾಜರುಪಡಿಸಬೇಕು.

ಸಾಕ್ಷಿ ವಿಚಾರಣೆ ಶುರುವಾಗುವ ಮುನ್ನವೇ ಅರ್ಜಿ ಹಾಕಿ. ಯಾವ ವರ್ಷದ ವಹಿ, ಅದು ಅವರ ಬಳಿ ಇದೆಯೆಂದು ನಿಮಗೆ ಹೇಗೆ ಗೊತ್ತು, ಯಾವ ಅಂಶ ಸಾಬೀತಿಗೆ ಬೇಕು, ಈ ಮೂರನ್ನೂ ಬರೆದುಕೊಂಡು ವಕೀಲರನ್ನು ಕಾಣಿ.